ಕೇಳುವವರ ಬೆರಗು ಮತ್ತು ಶರಣರ ಒರೆಗಲ್ಲು

ಅಸಾಧಾರಣ ಕೌಶಲವುಳ್ಳ ಕಲಾವಿದನೊಬ್ಬ ನುಡಿಸುವಾಗ ಅಥವಾ ಹಾಡುವಾಗ ಕೇಳುವವರಲ್ಲಿ ಉಂಟಾಗುವ ರೋಮಾಂಚ, ಕಣ್ಣೀರು, ಉದ್ಗಾರ, ಸ್ತಬ್ಧತೆಗಳನ್ನು ಧಾರ್ಮಿಕ ಅನುಭವವೆಂದು ಕರೆಯಬಹುದೇ ಎಂಬುದು ಹಳೆಯ ಪ್ರಶ್ನೆ. ಸಭೆಯಿಂದ ಹೊರಬರುವ ಕೇಳುಗ ‘ದೇವರನ್ನೇ ಕಂಡಂತಾಯಿತು’ ಎಂದಾಗ ಅವನು ಸುಳ್ಳು ಹೇಳುತ್ತಿರುವುದಿಲ್ಲ. ಆದರೆ ಹಾಗೆ ಕಂಡದ್ದು ದೇವರೋ, ಮನುಷ್ಯನ ಬೆರಳಿನ ಅಥವಾ ಕೊರಳಿನ ಸಾಮರ್ಥ್ಯವೋ ಎಂಬುದನ್ನು ತೀರ್ಮಾನಿಸಲು ಆ ಕ್ಷಣದ ಆವೇಗವೊಂದೇ ಸಾಕ್ಷಿಯಾಗಲಾರದು.

ಯುರೋಪಿನಲ್ಲಿ ಈ ಪ್ರಶ್ನೆ ತೀವ್ರವಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಆಗಿನ ರಮ್ಯ ಸಂಪ್ರದಾಯದ ಸಂಗೀತಕಾರರು ಕನ್ಸರ್ಟೊವನ್ನು, ಅಂದರೆ ಒಂಟಿ ವಾದ್ಯವೊಂದು ಇಡೀ ವಾದ್ಯವೃಂದಕ್ಕೆ ಎದುರಾಗಿ ನಿಂತು ಅದರೊಡನೆ ಸಂವಾದಿಸುವ ಕೃತಿಯನ್ನು, ವ್ಯಕ್ತಿಯ ಸಾಹಸದ ಮಹಾಪ್ರಕಾರವಾಗಿ ಬೆಳೆಸಿದರು. ಫ್ರಾನ್ಸ್ ಲಿಸ್ಟ್ 1841–42ರ ಚಳಿಗಾಲದಲ್ಲಿ ಬರ್ಲಿನ್ನಿನಲ್ಲಿ ಪಿಯಾನೊ ನುಡಿಸಿದಾಗ ಕೇಳುಗರಲ್ಲಿ ಹುಟ್ಟಿದ ಉನ್ಮಾದ ಎಷ್ಟಿತ್ತೆಂದರೆ, ಕವಿ ಹೈನೆ 1844ರಲ್ಲಿ ಅದಕ್ಕೆ ರೋಗದ ಹೆಸರಿನಂತಹ ಹೆಸರನ್ನೇ ಕೊಟ್ಟನು. ಮುಂದಿನ ಶತಮಾನದಲ್ಲೂ, 1958ರಲ್ಲಿ ಮಾಸ್ಕೋ ನಗರದ ಸ್ಪರ್ಧೆಯಲ್ಲಿ ಅಮೆರಿಕದ ತರುಣ ವ್ಯಾನ್ ಕ್ಲೈಬರ್ನ್, ಚೈಕೋವ್‌ಸ್ಕಿಯ ಮೊದಲ ಮತ್ತು ರಖ್ಮಾನಿನೋವ್‌ನ ಮೂರನೆಯ ಕನ್ಸರ್ಟೊಗಳನ್ನು ನುಡಿಸಿದಾಗ, ಶೀತಲ ಸಮರದ ಹಗೆತನವನ್ನೂ ಮರೆತು ಸಭೆ ಎದ್ದು ನಿಂತಿತು. ಆದರೆ ಲಿಸ್ಟ್‌ನ ಬದುಕಿನ ಉತ್ತರಾರ್ಧವೇ ಈ ಪ್ರಶ್ನೆಗೆ ಹೆಚ್ಚು ಬೆಳಕು ಚೆಲ್ಲುತ್ತದೆ. ಮೂವತ್ತೈದರ ವಯಸ್ಸಿನಲ್ಲಿ, 1847ರಲ್ಲಿ, ಹಣಕ್ಕಾಗಿ ನುಡಿಸುವ ಸಂಚಾರಗಳನ್ನು ಅವನು ನಿಲ್ಲಿಸಿಬಿಟ್ಟನು. 1865ರಲ್ಲಿ ಕ್ಯಾಥೊಲಿಕ್ ಚರ್ಚಿನ ಕೆಳಹಂತದ ದೀಕ್ಷೆಗಳನ್ನು ಪಡೆದನು. ಸಾವಿರಾರು ಜನರನ್ನು ಮೈಮರೆಸಿದವನಿಗೂ ಧರ್ಮವನ್ನು ಅರಸಲು ಆ ಮೈಮರೆವು ಸಾಲದಾಯಿತೆಂದು ಇದರಿಂದ ಊಹಿಸುವುದು ಅನುಚಿತವಲ್ಲ.

ಭಾರತೀಯ ಚಿಂತನೆಯಲ್ಲಿ ಕೇಳುಗರ ಮತ್ತು ನೋಡುಗರ ಪ್ರತಿಕ್ರಿಯೆಯನ್ನೇ ವಿಷಯವಾಗಿ ಎತ್ತಿಕೊಂಡ ಅತ್ಯಂತ ಹಳೆಯ ವಿವೇಚನೆ ಭರತನ ನಾಟ್ಯಶಾಸ್ತ್ರದ ಇಪ್ಪತ್ತೇಳನೆಯ ಅಧ್ಯಾಯದಲ್ಲಿದೆ. ನಾಟಕ ಪ್ರಯೋಗ ಸಫಲವಾಯಿತೆಂಬುದಕ್ಕೆ ಭರತ ಇಡುವ ಹೆಸರು ಸಿದ್ಧಿ. ಅದು ಎರಡು ಬಗೆಯದು. ಮುಗುಳುನಗೆ, ಗಟ್ಟಿಯಾದ ನಗೆ, ‘ಸಾಧು’ ಎಂಬ ಮೆಚ್ಚುಗೆ, ‘ಅಯ್ಯೋ’ ಎಂಬ ಮರುಕ, ಮೈನವಿರೇಳುವುದು, ಆಸನದಿಂದ ಎದ್ದು ನಿಲ್ಲುವುದು, ಮೈಮೇಲಿನ ವಸ್ತ್ರವನ್ನೋ ಬೆರಳಿನ ಉಂಗುರವನ್ನೋ ಕಲಾವಿದರತ್ತ ಎಸೆಯುವುದು, ಇವೆಲ್ಲ ಮಾನುಷೀ ಸಿದ್ಧಿಯ ಲಕ್ಷಣಗಳು. ರಂಗಮಂದಿರ ಕಿಕ್ಕಿರಿದಿದ್ದರೂ ಸದ್ದಿಲ್ಲದೆ, ಕ್ಷೋಭೆಯಿಲ್ಲದೆ, ಯಾವ ಉತ್ಪಾತವೂ ಇಲ್ಲದೆ ಇರುವುದು ದೈವೀ ಸಿದ್ಧಿ. ಬರ್ಲಿನ್ನಿನ ಉನ್ಮಾದವೂ ಮಾಸ್ಕೋದ ಚಪ್ಪಾಳೆಯೂ ಭರತನ ಲೆಕ್ಕದಲ್ಲಿ ಮಾನುಷೀ ಸಿದ್ಧಿಗಳೇ, ಮತ್ತು ಅವನು ಅವುಗಳನ್ನು ಹೀಗಳೆಯುವುದಿಲ್ಲ ಎಂಬುದು ಗಮನಾರ್ಹ. ಆದರೆ ಇಂದಿನ ಸಭಾಂಗಣಗಳ ನಿಶ್ಶಬ್ದವನ್ನು ಕಂಡು ಅದೇ ದೈವೀ ಸಿದ್ಧಿಯೆಂದು ಭ್ರಮಿಸಬಾರದು. ಪಾಶ್ಚಾತ್ಯ ಕಛೇರಿಗಳಲ್ಲಿ ಒಂದು ಭಾಗ ಮುಗಿದು ಇನ್ನೊಂದು ಆರಂಭವಾಗುವ ನಡುವೆ ಚಪ್ಪಾಳೆ ತಟ್ಟಬಾರದೆಂಬುದು ತಡವಾಗಿ ಬಂದ ಶಿಷ್ಟಾಚಾರ; ಶಿಷ್ಟಾಚಾರದಿಂದ ಬಂದ ಮೌನ ಬೇರೆ, ತುಂಬಿಬಂದು ಮಾತು ಹೊರಡದಂತಾದ ಮೌನ ಬೇರೆ.

ರಸಾನುಭವವು ಬ್ರಹ್ಮಾನಂದದ ಸಹೋದರನೆಂದು ಹದಿನಾಲ್ಕನೆಯ ಶತಮಾನದ ಆಲಂಕಾರಿಕ ವಿಶ್ವನಾಥ ಹೇಳಿದ್ದನ್ನು ಸಂಗೀತ ಪ್ರಿಯರು ಮೇಲಿಂದ ಮೇಲೆ ನೆನೆಯುತ್ತಾರೆ. ಸಹೋದರ ಎಂದರೆ ಹತ್ತಿರದವನು, ಆದರೆ ಅವನೇ ಅಲ್ಲ. ಅದಕ್ಕೂ ಮೊದಲೇ ಕಾಶ್ಮೀರದ ಅಭಿನವಗುಪ್ತನು ಸಹೃದಯನ, ಅಂದರೆ ಕೃತಿಯೊಡನೆ ಹೃದಯ ಬೆರೆಸಬಲ್ಲವನ, ತನ್ಮಯತೆಯನ್ನು ಯೋಗಿಯ ಅನುಭವದಿಂದ ಬೇರ್ಪಡಿಸಿಯೇ ವಿವರಿಸಿದ್ದನು.

ಇದೇ ವಿವೇಚನೆಯನ್ನು ಸೂಫಿಗಳು ಇನ್ನೂ ನಿಷ್ಠುರವಾಗಿ ನಡೆಸಿದರು. 1422ರಲ್ಲಿ ಕಲಬುರಗಿಯಲ್ಲಿ ತೀರಿಕೊಂಡ ಖ್ವಾಜಾ ಬಂದೇನವಾಜರು ಚಿಶ್ತಿ ಪರಂಪರೆಗೆ ಸೇರಿದವರು. ಆ ಪರಂಪರೆ ಸಮಾವನ್ನು, ಅಂದರೆ ದೇವರ ಸ್ಮರಣೆಗಾಗಿ ಗೀತವನ್ನು ಆಲಿಸುವ ಸಾಧನೆಯನ್ನು, ಒಪ್ಪಿಕೊಂಡಿದೆ. ಆಲಿಸುವಾಗ ಬರುವ ಪರವಶತೆಗೆ ವಜ್ದ್ ಎನ್ನುತ್ತಾರೆ. ತಾನಾಗಿ ಬಂದ ಪರವಶತೆಯನ್ನೂ ಬರಿಸಿಕೊಂಡ ಪರವಶತೆಯನ್ನೂ ಬೇರೆ ಬೇರೆಯಾಗಿ ನೋಡಬೇಕೆಂದು 1111ರಲ್ಲಿ ತೀರಿಕೊಂಡ ಇಮಾಂ ಗಜಾಲಿ ವಿಸ್ತಾರವಾಗಿ ಬರೆದಿದ್ದಾರೆ. ಗೀತ ಕೇಳುವಾಗ ಈಗೇಕೆ ಮೈ ಅಲುಗುವುದಿಲ್ಲವೆಂದು ಕೇಳಿದವರಿಗೆ, ಬಗ್ದಾದಿನ ಜುನೈದರು, ಅಚಲವಾಗಿ ಕಂಡರೂ ಮೋಡಗಳಂತೆ ಸಾಗುವ ಬೆಟ್ಟಗಳ ಕುರಿತ ಕುರ್‌ಆನ್ ವಾಕ್ಯವನ್ನು ನೆನಪಿಸಿದರಂತೆ. ಭರತನ ದೈವೀ ಸಿದ್ಧಿಗೂ ಜುನೈದರ ಈ ಉತ್ತರಕ್ಕೂ ಇರುವ ನಂಟು ಆಶ್ಚರ್ಯಕರವಾಗಿದೆ.

ಆದರೆ ನಿಶ್ಚಲತೆಯೂ ಕೊನೆಯ ಒರೆಗಲ್ಲಲ್ಲವೆಂದು ಹೇಳಿದವರು ಹನ್ನೆರಡನೆಯ ಶತಮಾನದ ಶರಣರು. ಶಿವ ನಾದಪ್ರಿಯನೂ ಅಲ್ಲ, ವೇದಪ್ರಿಯನೂ ಅಲ್ಲ, ಭಕ್ತಿಪ್ರಿಯನೆಂದು ಬಸವಣ್ಣ ಒಂದು ವಚನದಲ್ಲಿ ಸಾರುತ್ತಾರೆ. ನಾದದಿಂದ ಒಲಿಸಹೊರಟ ರಾವಣನಿಗೆ ಅರ್ಧ ಆಯುಷ್ಯವಷ್ಟೇ ದಕ್ಕಿತೆಂಬುದು ಅಲ್ಲಿ ಕೊಡುವ ದೃಷ್ಟಾಂತ. ತಾಳ ಲಯಗಳ ಲೆಕ್ಕ ತಮಗೆ ತಿಳಿಯದು, ಒಲಿದಂತೆ ಹಾಡುವೆನೆಂದು ಇನ್ನೊಂದರಲ್ಲಿ ಹೇಳುತ್ತಾರೆ. ಇಷ್ಟರಿಂದ ಶರಣರು ಸಂಗೀತವನ್ನು ಕಡೆಗಣಿಸಿದರೆಂದು ತಿಳಿಯುವುದು ತಪ್ಪು, ಏಕೆಂದರೆ ತಮ್ಮ ದೇಹವನ್ನೇ ವೀಣೆಯ ದಂಡಿಗೆಯನ್ನಾಗಿ, ಶಿರವನ್ನು ಅದರ ಸೋರೆಯನ್ನಾಗಿ, ನರಗಳನ್ನು ತಂತಿಗಳನ್ನಾಗಿ ಮಾಡಿಕೊಂಡು ನುಡಿಸೆಂದು ದೇವರಲ್ಲಿ ಬೇಡಿದವರೂ ಅವರೇ. ಇಲ್ಲಿ ನುಡಿಸುವವನು ದೇವರು, ಮನುಷ್ಯ ವಾದ್ಯ. ಮೆಚ್ಚುಗೆಗೆ ಪಾತ್ರನಾಗುವ ಒಡೆಯನ ಸ್ಥಾನವೇ ಮನುಷ್ಯನ ಪಾಲಿಗೆ ಉಳಿಯುವುದಿಲ್ಲ. ಮಲ್ಲಿಕಾರ್ಜುನ ಮನ್ಸೂರರು (1910–1992) ಜೈಪುರ ಘರಾಣೆಯ ಅಪ್ರಚಲಿತ ರಾಗಗಳ ಪಾಂಡಿತ್ಯದ ಜೊತೆಗೆ ವಚನಗಳನ್ನೂ ಹಾಡಿದರೆಂಬುದು ಕನ್ನಡಿಗರ ಭಾಗ್ಯ. ಆದರೆ ಅವರ ಗಾಯನಕ್ಕೆ ತಲೆದೂಗಿದವರೆಲ್ಲ ವಚನವನ್ನೂ ಕೇಳಿಸಿಕೊಂಡರೆನ್ನುವ ಹಾಗಿಲ್ಲ.

ಸುರಪುರ ತಾಲೂಕಿನ ಕೆಂಭಾವಿಯ ಸುತ್ತಲಿನ ನೆಲ ಈ ವಿಚಾರಕ್ಕೆ ವಿಶೇಷವಾಗಿ ಹೊಂದುತ್ತದೆ. ಸಮೀಪದ ಮುದನೂರು ದೇವರ ದಾಸಿಮಯ್ಯನ ಊರು. ಕೃಷ್ಣಾತೀರದ ತಿಂಥಣಿಯಲ್ಲಿ ಮೌನೇಶ್ವರನನ್ನು ಹಿಂದೂಗಳೂ ಮುಸಲ್ಮಾನರೂ ನಂಬುತ್ತಾರೆ. ಜೇವರ್ಗಿ ಸೀಮೆಯ ಕಡಕೋಳ ಮಡಿವಾಳಪ್ಪನ ಶಿಷ್ಯರಲ್ಲಿ ಚನ್ನೂರ ಜಲಾಲಸಾಹೇಬನೂ ಒಬ್ಬ. ಏಕತಾರಿ, ದಮ್ಮಡಿ, ತಾಳಗಳೊಡನೆ ಇವರ ತತ್ವಪದಗಳನ್ನು, ಅಂದರೆ ಗುರುಬೋಧೆಯ ಅನುಭಾವದ ಹಾಡುಗಳನ್ನು, ಹಾಡುವ ಭಜನೆಯಲ್ಲಿ ಪಲ್ಲವಿಯನ್ನು ಕುಳಿತವರೆಲ್ಲ ಎತ್ತಿಕೊಳ್ಳುವುದರಿಂದ ಹಾಡುವವ ಮತ್ತು ಕೇಳುವವ ಎಂಬ ಭೇದ ಕರಗುತ್ತದೆ. ಅಲ್ಲಿ ಕೌಶಲ ಕಡಿಮೆಯಿರಬಹುದು. ಆದರೆ ಬೆರಗನ್ನು ಭಕ್ತಿಯೆಂದು ತಪ್ಪಾಗಿ ತಿಳಿಯುವ ಅವಕಾಶವೂ ಅಷ್ಟೇ ಕಡಿಮೆ.

ಕೆಂಭಾವಿಯ ಭೋಗಣ್ಣನ ಕಥೆಯನ್ನು ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣ ಹೇಳುತ್ತದೆ. ಅಸ್ಪೃಶ್ಯನ ವೇಷದಲ್ಲಿ ಬಂದ ಶಿವನನ್ನು ಭೋಗಣ್ಣ ಮನೆಗೆ ಕರೆದು ಸತ್ಕರಿಸಿದ್ದಕ್ಕಾಗಿ ಅವನನ್ನು ಊರಿನಿಂದ ಹೊರಹಾಕಲಾಯಿತು. ಅವನು ಹೊರಟಾಗ ಊರಿನ ಲಿಂಗಗಳೆಲ್ಲ ತಮ್ಮ ಸ್ಥಾನ ಬಿಟ್ಟು ಅವನ ಹಿಂದೆ ನಡೆದವು. ಹೊರಹಾಕಿದವರೇ ಬಂದು ಬೇಡಿಕೊಳ್ಳಬೇಕಾಯಿತು. ಗಾನಕ್ಕೆ ಕಲ್ಲು ಕರಗಿದ ಕಥೆಗಳು ಸಂಗೀತ ಲೋಕದಲ್ಲಿ ಪ್ರಸಿದ್ಧವಾಗಿವೆ. ಹನುಮಂತ ಹಾಡಿದಾಗ ಬಂಡೆ ಕರಗಿತೆಂಬುದು ಅವುಗಳಲ್ಲೊಂದು. ಕೆಂಭಾವಿಯ ಕಥೆಯಲ್ಲಿ ಹಾಡಿಲ್ಲ, ವಾದ್ಯವಿಲ್ಲ, ಸಭೆಯಿಲ್ಲ. ಅಲ್ಲಿ ಕಲ್ಲು ಕದಲಿದ್ದು ಒಬ್ಬ ಮನುಷ್ಯ ತನ್ನ ಬಾಗಿಲಿಗೆ ಬಂದವನನ್ನು ನಡೆಸಿಕೊಂಡ ರೀತಿಗೆ. ಇದನ್ನು ನಡೆದ ಸಂಗತಿಯೆಂದು ಸಾಧಿಸುವ ಅಗತ್ಯವಿಲ್ಲ. ಅತ್ಯುನ್ನತ ಸ್ಪಂದನವನ್ನು ಯಾವುದಕ್ಕೆ ಮೀಸಲಿಡಬೇಕೆಂದು ಆ ಪರಂಪರೆ ತೀರ್ಮಾನಿಸಿತ್ತು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹೀಗಿರುವಾಗ ಪಿಯಾನೊ ವಾದಕನಿಗೆ ಎದ್ದು ನಿಂತು ಚಪ್ಪಾಳೆ ತಟ್ಟುವುದಾಗಲಿ, ಗವಾಯಿಯ ತಾನಿಗೆ ‘ವಾಹ್’ ಎನ್ನುವುದಾಗಲಿ, ಕಣ್ಣು ಒದ್ದೆಯಾಗುವುದಾಗಲಿ ಯಾರೂ ನಾಚಬೇಕಾದ ಸಂಗತಿಯಲ್ಲ. ಅದು ದೀರ್ಘಕಾಲದ ಸಾಧನೆಗೆ ಸಲ್ಲಲೇಬೇಕಾದ ಗೌರವ. ಆದರೆ ಆ ಗೌರವ ಕಲಾವಿದನಿಗೆ ಸಲ್ಲುವಂಥದ್ದು. ಅದನ್ನೇ ತನ್ನ ಸಾಕ್ಷಾತ್ಕಾರವೆಂದು ಹೆಸರಿಗೆ ಹಚ್ಚಿಕೊಳ್ಳುವ ಅಧಿಕಾರ, ಮನೆಯ ಬಾಗಿಲಿಗೆ ಬಂದವನ ಜಾತಿ ಕೇಳಿ ಒಳಗೆ ಬಿಡುವ ಕೇಳುಗನಿಗೆ ಇಲ್ಲ.