ಬಾರದ ಆಪತ್ತಿಗೆ ಸಿದ್ಧತೆ: ದೈವ, ಪುರುಷಕಾರ ಮತ್ತು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ

ಕೇಡಿನ ಮಾತು ಬಾಯಿಗೆ ಬಂದೊಡನೆ ‘ಬಿಡ್ತು ಅನ್ನು’ ಎಂದು ಹಿರಿಯರು ತಡೆಯುವ ರೂಢಿ ಕನ್ನಡದ ಮನೆಗಳಲ್ಲಿ ಇಂದಿಗೂ ಇದೆ. ಆಪತ್ತನ್ನು ನೆನೆಯುವುದೇ ಅದನ್ನು ಕರೆದಂತೆ ಎಂಬ ಭಾವನೆ ಅದರ ಬೆನ್ನಿಗಿದೆ. ಹಾಗಾದರೆ ಗಾಯ, ಉಳುಕು, ಸುಟ್ಟ ಬೊಬ್ಬೆಗಳನ್ನು ಮುಂಚಿತವಾಗಿಯೇ ಊಹಿಸಿ, ಅವಕ್ಕೆ ಬೇಕಾದ ಬ್ಯಾಂಡೇಜು, ಹತ್ತಿ, ಕತ್ತರಿ, ಕೈಗವಸುಗಳನ್ನು ಮನೆಯಲ್ಲಿಯೂ ವಾಹನದಲ್ಲಿಯೂ ಜೋಡಿಸಿಡುವ ಗೃಹಸ್ಥನು ದೇವರ ಕಾವಲನ್ನು ಶಂಕಿಸಿದಂತಾಗುವುದೇ? ಎಲ್ಲವೂ ಹಣೆಬರಹದಂತೆಯೇ ನಡೆಯುವುದಾದರೆ ಪೆಟ್ಟಿಗೆ ವ್ಯರ್ಥ, ನಡೆಯದಿದ್ದರೆ ಪ್ರಾರ್ಥನೆ ವ್ಯರ್ಥ ಎಂಬ ಇಕ್ಕಟ್ಟು ಇಲ್ಲಿ ಎದುರಾಗುತ್ತದೆ.

ಈ ಚರ್ಚೆ ಹೊಸದಲ್ಲ. ಚರಕಸಂಹಿತೆಯ ಸೂತ್ರಸ್ಥಾನದ 15ನೆಯ ಅಧ್ಯಾಯವು ಚಿಕಿತ್ಸೆಗೆ ಮುನ್ನ ಕೂಡಿಸಿಡಬೇಕಾದ ಸಾಮಗ್ರಿಗಳನ್ನು, ಅಂದರೆ ‘ಸಂಭಾರ’ಗಳನ್ನು ಕುರಿತದ್ದು. ವಮನ, ವಿರೇಚನಗಳೆಂಬ ಶೋಧನ ಚಿಕಿತ್ಸೆ ಕೈಗೊಳ್ಳುವ ವೈದ್ಯನು ಎಡವಟ್ಟಾದರೆ ಬೇಕಾಗುವ ಔಷಧಗಳನ್ನೂ ಮೊದಲೇ ತಂದಿರಿಸಿಕೊಳ್ಳಬೇಕೆಂದು ಆತ್ರೇಯನು ಹೇಳಿದಾಗ, ಬಲ್ಲವನು ಸರಿಯಾಗಿ ಚಿಕಿತ್ಸೆ ಮಾಡಿದರೆ ಕೆಡುವುದೇಕೆ ಎಂದು ಶಿಷ್ಯನಾದ ಅಗ್ನಿವೇಶನು ಆಕ್ಷೇಪಿಸುತ್ತಾನೆ. ದೇಹ, ಕಾಲ, ಆಹಾರ, ಮನಸ್ಸುಗಳ ಸೂಕ್ಷ್ಮ ವ್ಯತ್ಯಾಸಗಳು ನಿರ್ಮಲ ಬುದ್ಧಿಯವರನ್ನೂ ಕಂಗೆಡಿಸುತ್ತವೆ ಎಂಬುದು ಗುರುವಿನ ಉತ್ತರ. ಸಿದ್ಧತೆಯ ಬೇರು ಅಲ್ಲಿ ಭಯದಲ್ಲಿಲ್ಲ, ಮನುಷ್ಯಜ್ಞಾನಕ್ಕೆ ಮಿತಿಯಿದೆಯೆಂಬ ವಿನಯದಲ್ಲಿದೆ. ಕೊಳ್ಳುವ ತಾಣ ಹತ್ತಿರವೇ ಇದ್ದರೂ ಆಪತ್ತಿನ ಗಳಿಗೆಯಲ್ಲಿ ಔಷಧವನ್ನು ಬೇಗನೆ ಹೊಂದಿಸುವುದು ಸುಲಭವಲ್ಲವೆಂಬ ಮಾತನ್ನೂ ಅದೇ ಅಧ್ಯಾಯ ಸೇರಿಸುತ್ತದೆ. ಬೆಂಗಳೂರಿನ ರವೀಂದ್ರನಾಥ ಟ್ಯಾಗೋರ್ ನಗರದಂಥ ಬಡಾವಣೆಯಲ್ಲಿ, ಔಷಧದಂಗಡಿ ಹತ್ತಿರವಿರುವಾಗ ಮನೆಯಲ್ಲಿ ಪೆಟ್ಟಿಗೆ ಏಕೆಂದು ಕೇಳುವವರಿಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ.

ಹಣೆಬರಹದ ಪ್ರಶ್ನೆಯನ್ನು ಅದೇ ಗ್ರಂಥದ ವಿಮಾನಸ್ಥಾನದ 3ನೆಯ ಅಧ್ಯಾಯ ಎತ್ತಿಕೊಳ್ಳುತ್ತದೆ. ಹಿಂದಿನ ಜನ್ಮದಲ್ಲಿ ತಾನೇ ಮಾಡಿದ ಕರ್ಮವನ್ನು ‘ದೈವ’ವೆಂದೂ ಈ ಜನ್ಮದಲ್ಲಿ ಮಾಡುವುದನ್ನು ‘ಪುರುಷಕಾರ’ವೆಂದೂ ಕರೆದು, ಆಯುಸ್ಸು ಇವೆರಡರ ಕೂಟದಿಂದ ನಿಲ್ಲುತ್ತದೆಂದು ಅದು ವಾದಿಸುತ್ತದೆ. ಗಾಡಿಯ ಅಚ್ಚು ತನ್ನ ಗುಣಕ್ಕೆ ತಕ್ಕಷ್ಟು ಕಾಲ ಬಾಳಿ ಸವೆಯುವುದು ಸಹಜ. ಹೊರೆ ಮೀರಿದರೆ, ಹಾದಿ ತಗ್ಗುದಿಣ್ಣೆಯಾಗಿದ್ದರೆ, ಹೊಡೆಯುವವನಲ್ಲಿ ದೋಷವಿದ್ದರೆ, ಕಡಾಣಿ ಕಳಚಿದರೆ, ಎಣ್ಣೆ ಹಾಕದಿದ್ದರೆ ಅದು ನಡುದಾರಿಯಲ್ಲಿಯೇ ಮುರಿಯುತ್ತದೆ, ಅಕಾಲಮೃತ್ಯುವೂ ಹಾಗೆಯೇ ಎಂಬ ದೃಷ್ಟಾಂತ ಅಲ್ಲಿದೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದ ಮೇಲೆ ವೇಗದ ಹೆದ್ದಾರಿಯಾಗಿಬಿಟ್ಟ ಹೆಬ್ಬಾಳ–ಯಲಹಂಕದ ಬಳ್ಳಾರಿ ರಸ್ತೆಯನ್ನು ಬಲ್ಲವರಿಗೆ ಆ ಪಟ್ಟಿಯ ಒಂದೊಂದು ಕಾರಣವೂ ಪರಿಚಿತವೇ.

ಆಯುಸ್ಸು ಪೂರ್ತಿ ನಿಶ್ಚಿತವಾಗಿದ್ದರೆ ಔಷಧವಷ್ಟೇ ಅಲ್ಲ, ಮಂತ್ರ, ಹೋಮ, ಮಂಗಳಕಾರ್ಯಗಳೂ ನಿರರ್ಥಕವಾಗುತ್ತವೆಂಬುದು ಚರಕನ ವಾದದ ಅತ್ಯಂತ ಹರಿತವಾದ ಅಂಚು. ಯಶವಂತಪುರದ ಎಪಿಎಂಸಿ ಯಾರ್ಡಿನ ಸುತ್ತ ಆಯುಧಪೂಜೆಯಂದು ಲಾರಿಗೆ ಬಾಳೆಕಂದು ಕಟ್ಟಿ, ಚಕ್ರದಡಿ ನಿಂಬೆಹಣ್ಣಿಟ್ಟು, ಕುಂಕುಮ ತುಂಬಿದ ಬೂದುಗುಂಬಳ ಒಡೆಯುವ ಚಾಲಕನು ಕೇಡನ್ನು ಆಗಲೇ ನೆನೆದಿದ್ದಾನೆ, ಅದನ್ನು ಮನುಷ್ಯಪ್ರಯತ್ನದಿಂದ ತಿರುಗಿಸಬಹುದೆಂದು ಒಪ್ಪಿಯೂ ಇದ್ದಾನೆ. ಹೀಗಾಗಿ ನಿಂಬೆಹಣ್ಣಿಗೂ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗೂ ತತ್ತ್ವದಲ್ಲಿ ವಿರೋಧವಿಲ್ಲ. ಪೂಜೆಗೊಂಡ ವಾಹನದಲ್ಲಿ ಆ ಪೆಟ್ಟಿಗೆ ಖಾಲಿಯಾಗಿದ್ದರೆ, ಅಥವಾ ಒಡೆದ ಕುಂಬಳದ ಹೋಳುಗಳು ದ್ವಿಚಕ್ರ ಸವಾರರನ್ನು ಜಾರಿಸುವಂತೆ ರಸ್ತೆಯಲ್ಲೇ ಉಳಿದರೆ, ಆಗ ಪೂಜೆಯೇ ಅರ್ಧಕ್ಕೆ ನಿಂತಂತೆ.

ಇದಕ್ಕಿಂತ ಆಳವಾದದ್ದು ಆ ಪೆಟ್ಟಿಗೆ ಯಾರದು ಎಂಬ ಪ್ರಶ್ನೆ. ಕರ್ನಾಟಕದ ಜೈನಶಾಸನಗಳು ಕೊಂಡಾಡುವ ಚತುರ್ವಿಧ ದಾನ, ಅಂದರೆ ಆಹಾರ, ಅಭಯ, ಭೈಷಜ್ಯ, ಶಾಸ್ತ್ರಗಳ ದಾನದಲ್ಲಿ ಔಷಧಕ್ಕೂ ಅಭಯಕ್ಕೂ ಒಂದೇ ಸಾಲಿನಲ್ಲಿ ಸ್ಥಾನವಿದೆ. ಸ್ವರಕ್ಷಣೆಗೆಂದು ಕೂಡಿಟ್ಟ ವಸ್ತುವು ‘ಪರಿಗ್ರಹ’, ಎಂದರೆ ತನ್ನದೆಂಬ ಹಿಡಿತದ ಸಂಗ್ರಹವಾದರೆ, ದಾರಿಯಲ್ಲಿ ಬಿದ್ದ ಅಪರಿಚಿತನಿಗೆಂದು ಅದೇ ಪೆಟ್ಟಿಗೆ ತೆರೆದಾಗ ಎರಡು ದಾನಗಳು ಒಟ್ಟಿಗೆ ನಡೆಯುತ್ತವೆ. ಪೊಲೀಸು, ಕೋರ್ಟುಗಳ ಅಲೆದಾಟಕ್ಕೆ ಹೆದರಿ ಈ ದಾನದಿಂದ ಹಿಂಜರಿದವರು ಬಹಳ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಮು ನೆರವಿಗೆ ಬರುವವನಿಗೆ ರಕ್ಷಣೆ ನೀಡಿದೆ. ಪ್ರತಿಫಲ ಬಯಸದೆ, ಸದ್ಭಾವದಿಂದ, ಸ್ವಇಚ್ಛೆಯಿಂದ ನೆರವಾಗುವವನೆಂದು ಕಾನೂನು ಅವನನ್ನು ವಿವರಿಸುವ ರೀತಿ ನಿಷ್ಕಾಮಕರ್ಮದ ಲಕ್ಷಣಕ್ಕೆ ಅತಿ ಸಮೀಪದಲ್ಲಿದೆ.

ದಾನವೆಂದ ಮೇಲೆ ದ್ರವ್ಯಶುದ್ಧಿಯೂ ಬೇಕು. ಅವಧಿ ಮೀರಿದ ಮುಲಾಮು, ತೇವ ಹಿಡಿದ ಹತ್ತಿ ದಾನಕ್ಕೆ ಯೋಗ್ಯವಲ್ಲ. ಸುಟ್ಟ ಚರ್ಮಕ್ಕೆ 20 ನಿಮಿಷ ಹರಿಯುವ ತಣ್ಣೀರು ಹಿಡಿಯಬೇಕಾದಲ್ಲಿ ಕಾಫಿಪುಡಿಯನ್ನೋ ಟೂತ್‌ಪೇಸ್ಟನ್ನೋ ಮೆತ್ತುವ ಅಕ್ಕರೆಯೂ ಹಾನಿಯನ್ನೇ ಮಾಡುತ್ತದೆ. ಇಷ್ಟಾಗಿಯೂ ಎಲ್ಲರಿಗೂ ಎಲ್ಲ ಸಾಮಗ್ರಿ ಒದಗುವುದಿಲ್ಲ, ರೋಗವಾದರೋ ಬಡವರನ್ನು ಬಿಡುವುದಿಲ್ಲ, ಆದ್ದರಿಂದ ಆಪತ್ತಿನಲ್ಲಿ ಕೈಗೆ ಸಿಕ್ಕಿದ್ದರಿಂದಲೇ ತೊಡಗಬೇಕೆಂದು ಆ 15ನೆಯ ಅಧ್ಯಾಯವೇ ಕರುಣೆಯಿಂದ ಹೇಳುತ್ತದೆ. ಪೆಟ್ಟಿಗೆ ಕೊಳ್ಳಲಾಗದ ಮನೆಯಲ್ಲಿ ಒಗೆದು ಒಣಗಿಸಿ ಮುಚ್ಚಿಟ್ಟ ಒಂದು ಹತ್ತಿಯ ಬಟ್ಟೆಯಿದ್ದರೆ, 2008ರ ನವೆಂಬರಿನಿಂದ ರಾಜ್ಯದಲ್ಲಿರುವ 108ರ ಆಂಬುಲೆನ್ಸ್ ಬರುವವರೆಗೆ ರಕ್ತ ಸೋರುವ ಗಾಯವನ್ನು ಅದರಿಂದ ಒತ್ತಿ ಹಿಡಿಯಬಹುದು.