ಕಲಿಸದ ಕೆಲಸದ ಹೊಣೆ

ಕೆಲಸವನ್ನು ಸರಿಯಾಗಿ ಕಲಿಸದೆ ಒಬ್ಬನನ್ನು ಅದಕ್ಕೆ ಹಚ್ಚಿದಲ್ಲಿ, ಅದರಿಂದೊದಗುವ ಕೇಡಿಗೆ ಹೊಣೆ ಯಾರು? ಕಲಿಸದೆ ಬಿಟ್ಟವನೆ, ಕಲಿಯದೆ ಕೈಹಾಕಿದವನೆ? ಮೇಲುನೋಟಕ್ಕೆ ಸುಲಭವೆಂದು ತೋರುವ ಈ ಪ್ರಶ್ನೆಯು ವಿಚಾರಮಾಡಿದಷ್ಟೂ ಕಠಿನವಾಗುವುದು. ಒಂದು ನಿದರ್ಶನದಿಂದ ಇದನ್ನು ಪರಿಶೀಲಿಸೋಣ.

ಜಪಾನಿನ ಟೋಕೈಮುರಾ ಎಂಬ ಊರಿನಲ್ಲಿ ಜೆ.ಸಿ.ಓ. ಎಂಬ ಖಾಸಗಿ ಕಂಪೆನಿಯೊಂದಿತ್ತು. ಸರ್ಕಾರಕ್ಕೆ ಸೇರಿದ ಸಂಸ್ಥೆಯೊಂದು ನಡೆಸುತ್ತಿದ್ದ ‘ಜೋಯೋ’ ಎಂಬ ಪ್ರಾಯೋಗಿಕ ಪರಮಾಣು ಸ್ಥಾವರಕ್ಕಾಗಿ ಯುರೇನಿಯಂ ದ್ರಾವಣವನ್ನು ಸಿದ್ಧಪಡಿಸಿಕೊಡುವ ಕೆಲಸವನ್ನು ಅದು ವಹಿಸಿಕೊಂಡಿತ್ತು. ಇಂಥ ಯುರೇನಿಯಂ ಒಂದೇ ಪಾತ್ರೆಯಲ್ಲಿ ಮಿತಿಮೀರಿ ಕೂಡಿದರೆ, ಕಿಡಿ ತಾಗಿಸದೆಯೇ ಅದರ ಪರಮಾಣುಗಳು ಸರಪಣಿಯಂತೆ ಒಡೆಯತೊಡಗಿ ಮಾರಕ ಕಿರಣಗಳನ್ನು ಸೂಸುವುವು. ಆದುದರಿಂದಲೇ ಒಂದು ಸಲಕ್ಕೆ 2.4 ಕಿಲೋಗ್ರಾಂ ಎಂಬ ಕಟ್ಟಿತ್ತು. ಆದರೆ ಕಾಲವನ್ನುಳಿಸಲು ಕಂಪೆನಿಯು ಸರ್ಕಾರದ ಅಪ್ಪಣೆಯಿಲ್ಲದೆ ಉಕ್ಕಿನ ಬಕೆಟ್ಟುಗಳಲ್ಲಿ ಕರಗಿಸುವ ಪದ್ಧತಿಯನ್ನು ತಂದಿತು. 1999ರ ಸೆಪ್ಟೆಂಬರ್ 30ರಂದು ಕೆಲಸಗಾರರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸುಮಾರು 16 ಕಿಲೋಗ್ರಾಂ ಯುರೇನಿಯಮ್ಮಿನ ದ್ರಾವಣವನ್ನು ಅಗಲವಾದ ಒಂದೇ ತೊಟ್ಟಿಗೆ ಸುರಿದರು. ಹೊತ್ತಿದ ಸರಪಣಿಯು ಸುಮಾರು 20 ಗಂಟೆಗಳವರೆಗೆ ಆರಲಿಲ್ಲ. ಅಲ್ಲಿದ್ದ ಮೂವರಲ್ಲಿ ಒಬ್ಬನು ಆ ಡಿಸೆಂಬರಿನಲ್ಲಿಯೂ ಮತ್ತೊಬ್ಬನು 2000ದ ಏಪ್ರಿಲಿನಲ್ಲಿಯೂ ತೀರಿಕೊಂಡರು. ಯುರೇನಿಯಂ ಹೀಗೆ ತಾನಾಗಿ ಹೊತ್ತಿಕೊಳ್ಳಬಲ್ಲುದೆಂಬ ವಿಷಯದಲ್ಲಿ ಅವರಿಗೆ ತಕ್ಕ ಶಿಕ್ಷಣವೇ ದೊರೆತಿರಲಿಲ್ಲ.

‘ತಿಳಿಯದಿದ್ದರೆ ಕೇಳಬಾರದಾಗಿತ್ತೆ?’ ಎಂದು ನಾವು ಸುಲಭವಾಗಿ ಅಂದುಬಿಡುತ್ತೇವೆ. ಆದರೆ ಕೇಳುವುದಕ್ಕೂ ಸ್ವಲ್ಪ ತಿಳಿವಳಿಕೆ ಬೇಕು. ಹಾದಿಯಲ್ಲಿ ಬಾವಿಯಿದೆಯೆಂಬುದನ್ನೇ ಅರಿಯದವನು ಬಾವಿಯ ಆಳವನ್ನು ವಿಚಾರಿಸುವನೆ? ನಿಯಮವನ್ನು ಮಾತ್ರ ಹೇಳಿ ಅದರ ಕಾರಣವನ್ನು ಹೇಳದಿದ್ದರೆ, ಆ ನಿಯಮವು ಕೆಲಸಗಾರನಿಗೆ ಬರಿಯ ತೊಡಕಾಗಿ ತೋರುವುದು. ತೊಡಕನ್ನು ನಿವಾರಿಸುವುದು ಜಾಣತನವೆನಿಸುವುದು. ಹಾಗಾಗಿ ಮೊದಲ ಹೊಣೆ ಕಲಿಸಬೇಕಾದವನದೇ. ಕೆಲಸವನ್ನು ಗುತ್ತಿಗೆಗೆ ಕೊಟ್ಟ ಮಾತ್ರಕ್ಕೆ ಸರ್ಕಾರದ ಹೊಣೆಯೂ ತೀರುವುದಿಲ್ಲ. ಕೆಲಸವನ್ನು ಕೊಡಬಹುದು, ಧರ್ಮವನ್ನು ಗುತ್ತಿಗೆಗೆ ಕೊಡಲಾಗದು.

ಹಾಗಾದರೆ ಕೆಲಸಗಾರನು ಕೇವಲ ನಿರ್ದೋಷಿಯೆ? ಹಾಗೆಂದರೆ ಅವನನ್ನು ಯಂತ್ರಕ್ಕೆ ಸಮನಾಗಿಸಿದಂತಾದೀತು. ಅಪಾಯದ ಸ್ವರೂಪವು ಅವನಿಗೆ ತಿಳಿಯದಿರಬಹುದು. ತನಗೆ ಯಾರೂ ಕಲಿಸಿಲ್ಲವೆಂಬುದು ತಿಳಿದೇ ಇರುವುದಷ್ಟೆ. ಅಷ್ಟು ಅರಿವಿನಿಂದ ಹುಟ್ಟುವ ಕರ್ತವ್ಯಗಳುಂಟು: ಕಟ್ಟಳೆಯ ಕಾರಣವನ್ನು ಕೇಳುವುದು, ಕಾರಣವು ತಿಳಿಯುವವರೆಗೆ ಅದನ್ನು ಮೀರದಿರುವುದು, ‘ನನಗೆ ಇದು ಬಾರದು’ ಎಂದು ಹೇಳಲು ನಾಚದಿರುವುದು. 2003ರಲ್ಲಿ ಮಿಟೋ ನಗರದ ನ್ಯಾಯಾಲಯವು ಕಂಪೆನಿಗೆ ದಂಡವನ್ನು ಹಾಕಿದುದಲ್ಲದೆ ಆರು ಮಂದಿಯನ್ನು ಅಪರಾಧಿಗಳೆಂದು ನಿರ್ಣಯಿಸಿತು. ಬದುಕುಳಿದ ಮೂರನೆಯವನೂ ಅವರಲ್ಲೊಬ್ಬನು.

ಆದರೂ ‘ಬಾರದು’ ಎಂದವನ ಅನ್ನಕ್ಕೆ ಕುತ್ತು ಬರುವಲ್ಲಿ ಈ ಕರ್ತವ್ಯವನ್ನು ಬೋಧಿಸುವುದು ನಿಷ್ಕರುಣೆಯಲ್ಲವೆ? ಮಕ್ಕಳೊಂದಿಗನು ಕೂಲಿಯನ್ನು ಕಳೆದುಕೊಂಡು ಸತ್ಯವಂತನಾಗಲೆಂದು ಹೊಟ್ಟೆ ತುಂಬಿದವರು ಹೇಳಬಾರದು. ಇದನ್ನರಿತೇ ಜಪಾನಿನವರು 1999ರ ಡಿಸೆಂಬರಿನಲ್ಲಿ ತಮ್ಮ ಪರಮಾಣು ಶಾಸನವನ್ನು ತಿದ್ದಿ, ನೌಕರರಿಗೆ ಸುರಕ್ಷತೆಯ ಶಿಕ್ಷಣ ಕೊಡುವುದನ್ನು ಕಡ್ಡಾಯಮಾಡಿದರು. ತಪ್ಪು ನಡೆಯುವುದನ್ನು ತಿಳಿಸಿದ ನೌಕರನಿಗೆ ರಕ್ಷಣೆಯನ್ನೂ ಒದಗಿಸಿದರು. ಈ ಎರಡೂ ಕೂಡಿಯೇ ಇರತಕ್ಕವು. ಕಲಿಸುವವನಿಲ್ಲದೆ ಕೇಳುವವನು ನಿಷ್ಫಲನು. ಕೇಳುವ ಧೈರ್ಯಕ್ಕೆ ಎಡೆಯಿಲ್ಲದ ಕಡೆ ಕಲಿಸಿದುದೂ ನಿಷ್ಫಲವೇ.

ಆದುದರಿಂದ, ಕೆಲಸಗಾರನು ‘ಬಾರದು’ ಎಂದಾಗ ಅದನ್ನು ಸೋಮಾರಿತನವೆಂದೆಣಿಸದೆ ಅವನು ಸಲ್ಲಿಸಿದ ಮೊದಲ ಸೇವೆಯೆಂದು ಬಗೆಯುವ ಯಜಮಾನನೇ ಅವನಿಂದ ಪ್ರಾಮಾಣಿಕತೆಯನ್ನು ಅಪೇಕ್ಷಿಸಲು ಅರ್ಹನು.