ತೆರಿಗೆ ವಿನಾಯಿತಿ ಯಾರ ಪಾಲು?



ಬಡ ಕುಟುಂಬಕ್ಕೆ ಕಡಿಮೆ ಬಾಡಿಗೆಯಲ್ಲಿ ಮನೆ ಕೊಡುವ ಮಾಲೀಕನಿಗೆ ಊರು ಆಸ್ತಿ ತೆರಿಗೆಯನ್ನು ಬಿಟ್ಟುಕೊಡಬೇಕೆ? ಮೇಲುನೋಟಕ್ಕೆ ಇದು ಪಂಚಾಯಿತಿಯ ಲೆಕ್ಕಪತ್ರಕ್ಕೆ ಸೇರಿದ ಮಾತು. ಆದರೆ ಇದರೊಳಗೆ ನ್ಯಾಯದ ಪ್ರಶ್ನೆಯೊಂದು ಅಡಗಿದೆ.

ಕಾಗವಾಡ ತಾಲ್ಲೂಕಿನ ಐನಾಪುರದಂತಹ ಪಟ್ಟಣವನ್ನೇ ತೆಗೆದುಕೊಳ್ಳಿ. ಕೃಷ್ಣೆಯ ನೀರು, ಕಬ್ಬಿನ ಬೆಳೆ, ಸಮೀಪದ ಉಗಾರದ ಸಕ್ಕರೆ ಕಾರ್ಖಾನೆ ಇವುಗಳ ಸುತ್ತ ಬದುಕು ಕಟ್ಟಿಕೊಂಡ ಸೀಮೆಯಿದು. ದುಡಿಮೆಯನ್ನರಸಿ ಬಂದವನಿಗೆ ಬಾಡಿಗೆಯ ಖೋಲಿಯೇ ಮನೆ. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ಹರಿದಾಗ, ಸೂರು ಎಷ್ಟು ಅಸ್ಥಿರವೆಂಬುದನ್ನು ನದೀತೀರದಲ್ಲಿ ಸ್ವಂತ ಮನೆಯಿದ್ದವರೂ ಅರಿತರು.

ತೆರಿಗೆಯ ಚೀಟಿ ಬರುವುದು ಮಾಲೀಕನ ಹೆಸರಿಗೆ. ಆದರೆ ಅದರ ಭಾರ ಬಾಡಿಗೆಯೊಳಗೆ ಬೆರೆತು ಬಾಡಿಗೆದಾರನ ಹೆಗಲಿಗೆ ಇಳಿಯುವುದುಂಟು. 2008ರಲ್ಲಿ ಬೆಂಗಳೂರಿನಲ್ಲಿ ಜಾರಿಗೆ ಬಂದ ಪದ್ಧತಿಯಲ್ಲಿ, ಬಾಡಿಗೆಗೆ ಕೊಟ್ಟ ವಾಸದ ಮನೆಗೆ ಮಾಲೀಕನೇ ವಾಸಿಸುವ ಮನೆಯ ಇಮ್ಮಡಿ ದರವನ್ನು ಗೊತ್ತುಪಡಿಸಲಾಯಿತು. ಬಾಡಿಗೆಯಿಂದ ಮಾಲೀಕನಿಗೆ ಆದಾಯವಿದೆ ಎಂಬುದು ನಿಜ. ಆದರೆ ಆ ಆದಾಯ ಯಾರ ಬೆವರಿನಿಂದ ಬರುತ್ತದೆ?

ವಿನಾಯಿತಿ ಎಂಬುದು ನಮ್ಮ ಕಾನೂನಿಗೆ ಹೊಸದೇನಲ್ಲ. 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯಿದೆಯು ಆರಾಧನಾ ಸ್ಥಳಗಳಿಗೆ, ಬಾಡಿಗೆ ಪಡೆಯದ ಛತ್ರಗಳಿಗೆ, ಅನಾಥಾಲಯಗಳಿಗೆ ತೆರಿಗೆಯಿಂದ ಬಿಡುವು ನೀಡಿತು. ಉಚಿತ ಆಶ್ರಯವನ್ನು ಹೀಗೆ ಗೌರವಿಸುವುದು ಯುಕ್ತವೇ. ಹಾಗಾದರೆ ದುಡಿದು ಬಾಡಿಗೆ ಕಟ್ಟಿ ಮರ್ಯಾದೆಯಿಂದ ಬಾಳುವ ಬಡವನ ಸೂರು ಅದಕ್ಕಿಂತ ಕಡಿಮೆಯದೇ? 2020ರಲ್ಲಿ ಲಾಕ್‌ಡೌನ್‌ನಿಂದ ವಲಸೆ ಕಾರ್ಮಿಕರು ಬೀದಿಪಾಲಾದ ಮೇಲೆ ಕೇಂದ್ರ ಸರಕಾರವು ಕೈಗೆಟಕುವ ಬಾಡಿಗೆ ವಸತಿ ಯೋಜನೆಯನ್ನು ಪ್ರಕಟಿಸಿತು. ಅಂತಹ ಕಟ್ಟಡಗಳಿಗೆ ಆಸ್ತಿ ತೆರಿಗೆ, ನೀರಿನ ಕರಗಳನ್ನು ವಾಸದ ಮನೆಯ ದರದಲ್ಲಿಯೇ ವಿಧಿಸಬೇಕೆಂದು ಅದು ಸೂಚಿಸಿತು. ಇದು ಪೂರ್ಣ ವಿನಾಯಿತಿಯಲ್ಲ. ಆದರೂ ಬಡವರ ವಸತಿಯನ್ನು ವ್ಯಾಪಾರವೆಂದು ಎಣಿಸಬಾರದೆಂಬ ವಿವೇಕ ಅದರಲ್ಲಿದೆ.

ಈಗ ಇನ್ನೊಂದು ಮಗ್ಗುಲನ್ನೂ ನೋಡೋಣ. ಬೀದಿದೀಪ ಉರಿಯುವುದು, ಚರಂಡಿ ಶುಚಿಯಾಗುವುದು, ನಳಕ್ಕೆ ನೀರು ಬರುವುದು ಇದೇ ತೆರಿಗೆಯ ನೆರವಿನಿಂದ. ಒಬ್ಬನಿಗೆ ಬಿಟ್ಟ ರೂಪಾಯಿಯನ್ನು ಇನ್ನೊಬ್ಬನು ತುಂಬಬೇಕು, ಇಲ್ಲವೇ ಊರಿನ ಕೆಲಸವೊಂದು ನಿಲ್ಲಬೇಕು. ಆ ಇನ್ನೊಬ್ಬರು ಎರಡಂಕಣದ ಸ್ವಂತ ಮನೆಯಲ್ಲಿ ವಾಸಿಸುವ ಬಡ ವಿಧವೆಯೂ ಆಗಿರಬಹುದು. ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ವಸತಿ ನಿರ್ಮಾಣಕ್ಕೆಂದು 1971ರಲ್ಲಿ ತಂದ ತೆರಿಗೆ ವಿನಾಯಿತಿಯು ಸಿರಿವಂತರ ಕಟ್ಟಡಗಳಿಗೂ ಲಾಭ ತಂದಿತೆಂಬ ಟೀಕೆಗೆ ಗುರಿಯಾಗಿ, 2022ರಲ್ಲಿ ಅವಧಿ ಮುಗಿದು ನಿಂತುಹೋಯಿತು.

ಲೇವಿಯರ ಗ್ರಂಥದಲ್ಲಿ, ಹೊಲದ ಅಂಚಿನ ಪೈರನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂಬ ಕಟ್ಟಳೆಯಿದೆ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ: ಒಡೆಯನು ಬಿಡಬೇಕಾದದ್ದು ತನ್ನ ಹೊಲದ ಅಂಚನ್ನೇ ಹೊರತು ನೆರೆಯವನದ್ದನ್ನಲ್ಲ. ತೆರಿಗೆ ವಿನಾಯಿತಿಯಾದರೋ ಊರೆಲ್ಲರ ಹೊಲದ ಅಂಚು. ಅದನ್ನು ಪಡೆದ ಮಾಲೀಕನು ಬಾಡಿಗೆಯನ್ನು ಇಳಿಸದಿದ್ದರೆ, ಬಡವರಿಗೆಂದು ಬಿಟ್ಟ ತೆನೆಯನ್ನು ತಾನೇ ಕೊಯ್ದುಕೊಂಡಂತೆ.

ಆದುದರಿಂದ ವಿನಾಯಿತಿ ಇರಲಿ, ಷರತ್ತಿನೊಡನೆ ಇರಲಿ. ಬಾಡಿಗೆಯ ಮೊತ್ತ ಕರಾರುಪತ್ರದಲ್ಲಿ ನಮೂದಾಗಲಿ. ಬಿಟ್ಟ ತೆರಿಗೆಗಿಂತ ಇಳಿದ ಬಾಡಿಗೆ ಕಡಿಮೆಯಾಗದಿರಲಿ. ಬಾಡಿಗೆದಾರನನ್ನು ಅಕಾರಣವಾಗಿ ಹೊರಹಾಕಿದರೆ ರಿಯಾಯಿತಿ ರದ್ದಾಗಲಿ. ಕೆಲವು ವರ್ಷಗಳಿಗೊಮ್ಮೆ ಊರಿನ ಮುಂದೆ ಅದರ ಲೆಕ್ಕ ಬರಲಿ.

ನಿಮ್ಮಲ್ಲಿ ಕೆಲವರು ಖೋಲಿಗಳನ್ನು ಬಾಡಿಗೆಗೆ ಕೊಟ್ಟಿರಬಹುದು. ಕೆಲವರು ಬಾಡಿಗೆ ಮನೆಯಲ್ಲಿಯೇ ಇರಬಹುದು. ಕಾನೂನು ಬದಲಾಗುವವರೆಗೆ ಕಾಯಬೇಕಾಗಿಲ್ಲ. ಮುಂದಿನ ಸಲ ಬಾಡಿಗೆ ಏರಿಸುವ ಮುನ್ನ, ಈ ಏರಿಕೆ ನನ್ನ ಖರ್ಚಿಗಾಗಿಯೋ ಅಥವಾ ಅವನಿಗೆ ಬೇರೆ ದಾರಿಯಿಲ್ಲವೆಂಬುದಕ್ಕಾಗಿಯೋ ಎಂದು ನಮ್ಮನ್ನೇ ಕೇಳಿಕೊಳ್ಳೋಣ. ಪಂಚಾಯಿತಿ ಕೊಡಬಹುದಾದ ವಿನಾಯಿತಿ ಅದರ ಕೈಯಲ್ಲಿದೆ. ನಾವು ಕೊಡಬಹುದಾದದ್ದು ನಮ್ಮ ಕೈಯಲ್ಲಿಯೇ ಇದೆ.